ಖಾಲಿ ಬಿಟ್ಟರೆ ತೊಂಬತ್ತೊಂಬತ್ತು

ಲಗ್ಗೆರೆಯ ಸರ್ಕಾರಿ ಶಾಲೆ, ಎಂಟನೇ ಕ್ಲಾಸು, ಬಿ ಸೆಕ್ಷನ್ನು.
ನಲವತ್ತೊಂದು ಮಕ್ಕಳು, ನಲವತ್ತೊಂದು ಪೆನ್ಸಿಲು,
ಇಪ್ಪತ್ತೆಂಟು ವಾಕ್ಯ, ವಾಕ್ಯಕ್ಕೆ ಐದು ಚೌಕ:
ಯಾವತ್ತೂ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ,
ಬಹಳ ಸಲ, ಯಾವಾಗಲೂ.
ಸರಿ ತಪ್ಪು ಇಲ್ಲ, ಹೆಸರು ಬರೆಯಬೇಡಿ
ಅಂತ ಎರಡೆರಡು ಸಲ ಹೇಳಿದ ಮೇಲೂ
ಎಲ್ಲರೂ ಮೊದಲು ಬರೆದದ್ದು ಹೆಸರನ್ನೇ.

ಶೀರ್ಷಿಕೆಯಲ್ಲೇ ತೊಡಕು.
ಸಮಿತಿಯವರು ಎರಡು ದಿನ ಕೂತು, ಬೋಂಡ ತಿಂದು,
ಒಪ್ಪಿಕೊಂಡ ಪದ ‘ಬಾಂಧವ್ಯ’.
ಮಕ್ಕಳು ಓದಿ ನನ್ನ ಮುಖ ನೋಡಿದರು.
ಮದುವೆ ಕಾಗದದಲ್ಲಿ ಇರತ್ತಲ್ಲ ಮಿಸ್, ಅದಾ?
ಕೈಪಿಡಿ ಮುಚ್ಚಿಟ್ಟು ಹೇಳಿದೆ:
ಹಚ್ಕೊಳ್ಳೋದು ಕಣ್ರೋ. ಯಾರನ್ನ ತುಂಬಾ ಹಚ್ಕೊಂಡಿದೀರ, ಅದು.
ಓ, ಅದಾ! ಅಂತು ಕ್ಲಾಸು.
ದೀಪಕ್ಕೂ ಅದೇ ಮಾತು, ತಲೆಯ ಎಣ್ಣೆಗೂ ಅದೇ.
ಎರಡು ದಿನ ಯಾಕೆ ಬೇಕಾಯಿತೋ.

ಕಿಟಕಿ ಪಕ್ಕದ ಝಾನ್ಸಿ ಹನ್ನೊಂದರಲ್ಲಿ ನಿಂತಿದ್ದಳು.
‘ಭಯವಾದಾಗ ನಾನು ಇವರ ಹತ್ತಿರ ಹೋಗುತ್ತೇನೆ.’
ಎದುರಿಗೆ ಮೂರೇ ಕಾಲಂ: ತಾಯಿ, ತಂದೆ, ಸ್ನೇಹಿತರು.
ಮಿಸ್, ಭಯ ಆದ್ರೆ ಮೋಕ್ಷಿತ್ ನನ್ನ ಹತ್ರ ಬರ್ತಾನೆ.
ನಾನು ಎಲ್ಲಿಗೂ ಹೋಗಲ್ಲ.
ಎಲ್ಲಿ ಟಿಕ್ ಮಾಡ್ಲಿ?

ಮೋಕ್ಷಿತ್‌ಗೆ ಐದು ವರ್ಷ.
ಅಮ್ಮ ಪೀಣ್ಯದಲ್ಲಿ ಕಾಲರ್ ಹೊಲಿಯುತ್ತಾಳೆ, ಗಂಟೆಗೆ ಅರವತ್ತು;
ಐವತ್ತೆಂಟಾದರೆ ಬೋರ್ಡಿನ ಮೇಲೆ ಅವಳ ಹೆಸರು
ಕೆಂಪಿನಲ್ಲಿ, ಇಡೀ ಲೈನಿಗೆ ಕಾಣುವಂತೆ.
ಮನೆಗೆ ಏಳೂವರೆ. ಗೊರಗುಂಟೆಪಾಳ್ಯದಲ್ಲಿ ಜಾಮಾದರೆ ಎಂಟೂವರೆ.
ಅಲ್ಲಿಯವರೆಗೆ ಅವನ ಒಂದು ಕೈ
ಅಕ್ಕನ ವೇಲಿನ ತುದಿಯಲ್ಲೇ.
ಅನ್ನ ಬಸಿಯುವಾಗಲೂ ಬಿಡನಂತೆ.
ಬಚ್ಚಲಿಗೆ ಹೋದರೆ ಬಾಗಿಲ ಕೆಳಗಿನ ಸಂದಿಯಿಂದ
ವೇಲಿನ ತುದಿ ಹೊರಗೆ ಬಿಟ್ಟಿರಬೇಕು.
ಒಂದ್ಸಲ ಎಳೀತಾನೆ ಮಿಸ್, ಇದೀಯಾ ಅಂತ.
ನಾನೂ ಒಂದ್ಸಲ ಎಳೀತೀನಿ.

ಗೊತ್ತಾಗದಿದ್ದರೆ ಖಾಲಿ ಬಿಡು, ಅಂದೆ.
ಕೈಪಿಡಿಯಲ್ಲಿ ಇದ್ದದ್ದು ಅಷ್ಟೇ.
ಗೊತ್ತು ಮಿಸ್, ಅಂದಳು. ಜಾಗ ಇಲ್ಲ.

ರಾತ್ರಿ ಊಟ ಮುಗಿಸಿ ಎಂಟ್ರಿಗೆ ಕೂತೆ.
ಹಾಳೆಗೆ ಹನ್ನೆರಡು ರೂಪಾಯಿ.
ಒಬ್ಬ ಎಲ್ಲದಕ್ಕೂ ‘ಯಾವಾಗಲೂ’,
ಮೇಲಿಂದ ಕೆಳಗೆ ಒಂದೇ ಉಸಿರಿನ ಗೆರೆ.
ಇನ್ನೊಬ್ಬ ತಂದೆಯ ಕಾಲಮ್ಮಿಗೆ ಅಡ್ಡಗೀಟು ಹಾಕಿ,
ಹಾಳೆ ಹರಿಯುವಷ್ಟು ಒತ್ತಿ ಹಾಕಿ,
ಆಮೇಲೆ ರಬ್ಬರಿನಿಂದ ಉಜ್ಜಿ, ಉಗುಳು ಹಚ್ಚಿ ಉಜ್ಜಿ,
‘ಕೆಲವೊಮ್ಮೆ’ ಅಂದಿದ್ದ.
ಉಜ್ಜಿದ್ದಕ್ಕೆ ಅಂಕವಿಲ್ಲ, ಕಡೆಯ ಉತ್ತರವನ್ನಷ್ಟೇ ತುಂಬಬೇಕು.
ಮೂರು. ಮೂರು. ಮೂರು.
ಬೆಳಕಿಗೆ ಹಿಡಿದರೆ ಆ ಗೀಟು ಇನ್ನೂ ಕಾಣುತ್ತದೆ.

ಝಾನ್ಸಿಯ ಹಾಳೆ ಕೊನೆಗೆ ಬಂತು.
ಹನ್ನೊಂದು ಖಾಲಿ.
ಖಾಲಿ ಇದ್ದಲ್ಲಿ ತೊಂಬತ್ತೊಂಬತ್ತು ಒತ್ತಬೇಕು;
ಇಲ್ಲಿ ಏನೂ ಇಲ್ಲವೆಂದು ಯಂತ್ರ ತಿಳಿದುಕೊಂಡು
ಸರಾಸರಿಯಿಂದ ಹೊರಗಿಡುತ್ತದೆ.
ಆದರೆ ಹಾಳೆಯ ಅಂಚಿನಲ್ಲಿ,
ಪಿನ್ನು ಹೊಡೆಯಲು ಬಿಟ್ಟ ಜಾಗದಲ್ಲಿ,
ಸ್ಕೇಲಿಟ್ಟು ಗೆರೆ ಹೊಡೆದ ನಾಲ್ಕನೇ ಕಾಲಂ.
ಮೇಲೆ ‘ತಮ್ಮ’ ಅಂತ ದುಂಡಗೆ.
ಐದು ಚೌಕ, ನಮ್ಮದಕ್ಕಿಂತ ನೇರ.
ಯಾವುದಕ್ಕೂ ಟಿಕ್ ಇಲ್ಲ.
ಕೆಳಗೆ ಇರುವೆ ಸಾಲಿನಂಥ ಅಕ್ಷರ:
‘ಇದನ್ನ ಅವನನ್ನೇ ಕೇಳಬೇಕು ಮಿಸ್.’

ತೊಂಬತ್ತೊಂಬತ್ತು ಒತ್ತಿದೆ.
ಮತ್ತೇನು ಮಾಡಲಿ, ನಾನು ಕಾಂಟ್ರಾಕ್ಟಿನವಳು.
ಪಿನ್ನು ಮಾತ್ರ ಆ ಅಂಚಿಗೆ ಹೊಡೆಯಲಿಲ್ಲ.

ನಾಳೆ ಕಾಮಾಕ್ಷಿಪಾಳ್ಯ, ಮೂವತ್ತೆಂಟು ಮಕ್ಕಳು.
ಚೀಲಕ್ಕೆ ಹಾಳೆ ತುಂಬಿದೆ, ಪೆನ್ಸಿಲು ಎಣಿಸಿದೆ,
ಮಗಳ ಜಾಮಿಟ್ರಿ ಬಾಕ್ಸಿನಿಂದ
ಒಂದು ಸ್ಕೇಲನ್ನೂ ಹಾಕಿಕೊಂಡೆ.